ಅಂಗಳ ದಾಟದ ನೀರು

ಉಡಿದಾರದ ಗಂಟು ಬಿಚ್ಚುತ್ತಿರಲಿಲ್ಲ. ಕನ್ನಮ್ಮ ಮೊದಲು ಉಗುರು ಹಾಕಿ ನೋಡಿದಳು. ಆಮೇಲೆ ಬಗ್ಗಿ ಹಲ್ಲಿನಿಂದ ಕಚ್ಚಿ ಎಳೆದಳು. ಗಂಡನ ಹೊಟ್ಟೆಯಲ್ಲಿ ಇನ್ನೂ ಬಿಸಿ ಆರಿರಲಿಲ್ಲ. ಗಂಟಿನ ತುದಿಗೆ ಕಟ್ಟಿದ್ದ ಕಬ್ಬಿಣದ ಬೀಗದ ಕೈ ಮಾತ್ರ ತಣ್ಣಗಿತ್ತು.

ಹೊರಗೆ ಎದುರು ಮನೆಯ ಶೇಷಮ್ಮನ ಗಂಟಲು ಕೇಳಿಸಿತು.

“ಜಟ್ಟಪ್ಪಣ್ಣಾ, ಆರೂವರೆ ಆಯ್ತು! ಊರಿಗೂರೇ ಕೊಡ ಹಿಡ್ಕಂಡು ಟಾಂಕಿ ಬುಡದಲ್ಲಿ ನಿಂತೈತೆ. ಇವತ್ತು ನೀರು ಬಿಡ್ತೀರೋ, ಇಲ್ಲ ಮೊದ್ಲು ಒಂದು ಭಾಷಣ ಆಗ್ಬೇಕೋ?”

ಭಾಷಣ ಮಾಡುವವನು ಜಗಲಿಯ ಮೇಲೆ ಕಾಲು ಚಾಚಿ ಮಲಗಿದ್ದ. ಐದು ಗಂಟೆಗೆ ಎದ್ದು, ದಿನದಂತೆ ಒಂದೇ ಚೊಂಬು ನೀರಿನಲ್ಲಿ ಮುಖ ತೊಳೆದು ಬಾಯಿ ಮುಕ್ಕಳಿಸಿ, ರುಮಾಲಿಗೆ ಕೈ ಚಾಚಿದವನು ಎದೆ ಹಿಡಿದುಕೊಂಡು ಕುಳಿತುಬಿಟ್ಟಿದ್ದ. ಕನ್ನಮ್ಮ ಓಡಿ ಬಂದಾಗ ಎರಡು ಸಲ ಉಸಿರೆಳೆದು, “ಚೊಂಬಲ್ಲಿ ಉಳಿದಿದ್ದು ಚೆಲ್ಬೇಡ” ಅಂದ. ಅಷ್ಟೇ. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಹೆಂಡತಿಗೆ ಹೇಳಿ ಹೋಗಲು ಬೇರೆ ಮಾತೇ ಸಿಗಲಿಲ್ಲವಲ್ಲ ಎಂದು ಕನ್ನಮ್ಮನಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂದಿತ್ತು. ಆದರೂ ಚೊಂಬನ್ನು ಅವಳು ಚೆಲ್ಲಲಿಲ್ಲ. ಗೋಡೆಯ ಬದಿಗೆ ಸರಿಸಿಟ್ಟು ಆಮೇಲೆ ಅತ್ತಿದ್ದಳು.

ಉತ್ತರ ಬಾರದ್ದಕ್ಕೆ ಶೇಷಮ್ಮ ದಣಪೆ ಸರಿಸಿ ಒಳಗೇ ಬಂದಳು. ಜಗಲಿಯ ಮೆಟ್ಟಿಲ ಮೇಲೆ ಕಾಲಿಟ್ಟವಳ ಸೊಂಟದಿಂದ ಖಾಲಿ ಕೊಡ ಜಾರಿ ಅಂಗಳದಲ್ಲಿ ಉರುಳಿಕೊಂಡು ಹೋಯಿತು.

“ಅಯ್ಯೋ ಅಕ್ಕಾ... ನಾ ಎಂತ ಮಾತಾಡಿಬಿಟ್ಟೆ!”

“ಈ ಗಂಟು ಬಿಚ್ಚಿಕೊಡೇ ಮಾರಾಯ್ತಿ,” ಅಂದಳು ಕನ್ನಮ್ಮ. “ನೀರು ಬಿಡೋ ಹೊತ್ತು ಮೀರ್ತು. ಹೊತ್ತು ಮೀರಿದ್ರೆ ಅವ್ರಿಗೆ ಆಗೂದಿಲ್ಲ.”

ಅದು ಅರವತ್ತಾರನೆಯ ಇಸವಿಯ ಮೇ ತಿಂಗಳು. ಸಾಗರದ ಪೇಟೆಯಿಂದ ಒಂದು ಮೈಲಿ ಆಚೆ, ಜಂಬಿಟ್ಟಿಗೆ ಕಲ್ಲಿನ ಗುಡ್ಡದ ನೆತ್ತಿಯ ಮೇಲೆ ಮೂವತ್ತಾರು ಮನೆಗಳ ಹೊಸ ಬಡಾವಣೆ. ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿದವರಿಗೆಂದು ಗೆರೆ ಎಳೆದು ಹಂಚಿದ ಸೈಟುಗಳು. ನಡುನಡುವೆ ಪೇಟೆಯಲ್ಲಿ ಕೆಲಸ ಮಾಡುವ ನಾಲ್ಕೈದು ಗುಮಾಸ್ತರ, ಮೇಷ್ಟ್ರುಗಳ ಮನೆ. ನೀರಿನಲ್ಲಿ ಮುಳುಗಿದವರನ್ನು ಹುಡುಕಿ ಹುಡುಕಿ ನೀರಿಲ್ಲದ ಗುಡ್ಡಕ್ಕೆ ಹತ್ತಿಸಿದ ಪುಣ್ಯಾತ್ಮ ಯಾರೋ, ಅವನ ಹೆಸರು ಯಾರಿಗೂ ಗೊತ್ತಿಲ್ಲ. ಗುಡ್ಡದ ಬುಡದಲ್ಲೊಂದು ಬಾವಿ, ಬಾವಿಗೊಂದು ಪಂಪು, ನೆತ್ತಿಯ ಮೇಲೊಂದು ಟಾಂಕಿ, ಅದರ ಬುಡದಲ್ಲಿ ಎರಡು ನಲ್ಲಿ. ಮಳೆಗಾಲದಲ್ಲಿ ಚಿಂತೆಯಿಲ್ಲ. ಆಗುಂಬೆಯ ಕಡೆಯಿಂದ ಏರಿ ಬರುವ ಮಳೆ ಈ ಗುಡ್ಡವನ್ನೂ ಬಿಡದೆ ಬಡಿಯುತ್ತಿತ್ತು, ಬಿದ್ದ ನೀರು ನಿಲ್ಲದೆ ಇಳಿದು ಹೋಗುತ್ತಿತ್ತು. ಶಿವರಾತ್ರಿ ಕಳೆದರೆ ಬಾವಿಯ ತಳ ಕಾಣುತ್ತಿತ್ತು. ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಪಂಪು ಓಡಿಸಿದರೆ ಟಾಂಕಿಗೆ ನೂರೈವತ್ತು ಕೊಡ ನೀರು ಬೀಳುತ್ತಿತ್ತು. ಮನೆಗೆ ನಾಲ್ಕು ಕೊಡ. ಅದರಲ್ಲೇ ಎರಡು ದಿನ ಕಳೆಯಬೇಕು. ಆ ನಾಲ್ಕು ಕೊಡವನ್ನು ಹೆಚ್ಚೂ ಕಡಿಮೆ ಆಗದಂತೆ ಬಿಟ್ಟು, ನಲ್ಲಿಯ ಗೂಡಿಗೆ ಬೀಗ ಹಾಕುವ ಕೆಲಸ ಜಟ್ಟಪ್ಪನದಾಗಿತ್ತು.

ಗಂಟು ಕೊನೆಗೂ ಬಿಚ್ಚಿದವನು ಪಕ್ಕದ ಮನೆಯ ಧರ್ಮಪ್ಪ. ಅಕ್ಕಿ ಗಿರಣಿಯಲ್ಲಿ ಮೂಟೆ ಕಟ್ಟುವ ಕೈ ಅವನದು. ಬೀಗದ ಕೈಯನ್ನು ಅಂಗೈಯಲ್ಲಿ ತೂಗಿ ನೋಡಿದ.

“ಅತ್ಗೆ, ಈಗ ಮನೆಗೆ ಎರಡೆರಡು ಕೊಡ ಬಿಡ್ತೀನಿ. ಉಳಿದೆರಡು ಟಾಂಕೀಲೇ ಇರ್ಲಿ. ಸುಟ್ಟು ಬಂದೋರು ಸಂಜೆಗೆ ಮೀಯಬೇಕಲ್ಲ?”

ಕನ್ನಮ್ಮ ತಲೆಯಾಡಿಸಿದಳು. ಜಟ್ಟಪ್ಪ ಇದ್ದಿದ್ದರೂ ಹೀಗೇ ಮಾಡುತ್ತಿದ್ದ. ಮಕ್ಕಳಿಲ್ಲದ ಅವನಿಗೆ ಕೊಳ್ಳಿ ಇಡಬೇಕಾದವನು ತಮ್ಮ ದುಗ್ಗಪ್ಪ. ಮುಳುಗಡೆಯಲ್ಲಿ ಅಣ್ಣನಿಗೆ ಸಾಗರದ ಗುಡ್ಡ ಬಂದರೆ ತಮ್ಮನಿಗೆ ಹೊಸನಗರದ ಆಚೆ, ನಿಟ್ಟೂರಿನ ಹತ್ತಿರ ಜಮೀನು ಬಂದಿತ್ತು. ಬೆಳಗಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಸುದ್ದಿ ಹೋಯಿತು.

*

ಮುಳುಗಿದ ಆ ಊರಿನಲ್ಲಿ ನೀರಿಗೆ ಬೀಗ ಹಾಕುವ ಕಾಲ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಲ್ಲಿ ನೀರು ಸೇದುವುದೇ ಇರಲಿಲ್ಲ. ಗುಡ್ಡದ ಅಬ್ಬಿಯಿಂದ ದಂಬೆಯಲ್ಲಿ, ಅಂದರೆ ಸೀಳಿ ತಿರುಳು ತೆಗೆದ ಅಡಿಕೆ ಮರದಲ್ಲಿ, ನೀರು ತಾನಾಗಿ ಹರಿದು ಬಂದು ಹಿತ್ತಿಲಿನ ಕಲ್ಲುಮರಿಗೆಗೆ ಬೀಳುತ್ತಿತ್ತು. ಹಗಲೂ ಬೀಳುತ್ತಿತ್ತು, ರಾತ್ರಿಯೂ ಬೀಳುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಕನ್ನಮ್ಮನಿಗೆ ಆ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ. ಗುಡ್ಡದ ಬಡಾವಣೆಗೆ ಬಂದ ಮೇಲೆ ಆ ಸದ್ದಿಲ್ಲದೆ ನಿದ್ದೆ ಬರಲಿಲ್ಲ.

ಹನ್ನೊಂದು ಮನೆಗಳ ದಂಬೆ ನೋಡಿಕೊಳ್ಳುವವನು ಜಟ್ಟಪ್ಪ. ಎಲೆ ಸಿಕ್ಕಿಕೊಂಡರೆ, ಕಾಡುಹಂದಿ ಕೆಡವಿದರೆ, ಕತ್ತಿ ಹಿಡಿದು ಗುಡ್ಡ ಹತ್ತುತ್ತಿದ್ದ. ಅಲ್ಲಿ ಯಾರಾದರೂ ತೀರಿಕೊಂಡರೆ ಮನೆಗೊಂದು ಕೊಡ ನೀರು ತಂದು ಹೆಣಕ್ಕೆ ಎರೆಯುವುದು ಊರಿನ ಕ್ರಮ. ಮೀಸಿದ ನೀರು ಅಂಗಳ ದಾಟಿ ಹಳ್ಳದ ಕಡೆಗೆ ಹರಿಯಬೇಕು. ಆಗ ಹಿರಿಯರೊಬ್ಬರು “ದಾಟ್ತು” ಅನ್ನುತ್ತಿದ್ದರು, ಚಟ್ಟ ಏಳುತ್ತಿತ್ತು. ನೀರು ದಾಟದಿದ್ದರೆ ಹೋದವರು ಮನೆ ಬಿಟ್ಟು ಹೋಗುವುದಿಲ್ಲ ಎಂಬ ನಂಬಿಕೆ. ನಂಬಿಕೆಯನ್ನು ಪರೀಕ್ಷೆ ಮಾಡುವ ಪ್ರಸಂಗ ಮಾತ್ರ ಯಾವತ್ತೂ ಬಂದಿರಲಿಲ್ಲ. ಜಟ್ಟಪ್ಪನ ಅಪ್ಪ ಸತ್ತಾಗ ಮೂರನೆಯ ಕೊಡಕ್ಕೇ ನೀರು ಹಳ್ಳ ಸೇರಿತ್ತು, ಉಳಿದ ಎಂಟು ಮನೆಯವರು ಕ್ರಮಕ್ಕೆಂದು ಎರೆದರು.

ಊರು ಬಿಡುವ ದಿನ ಎಲ್ಲರೂ ಹೆಂಚು ಇಳಿಸಿದರು, ಬಾಗಿಲು ಕಿತ್ತರು. ಜಟ್ಟಪ್ಪ ದಂಬೆಗೆ ಕೈ ಹಚ್ಚಲಿಲ್ಲ. “ಬೀಳ್ತಾ ಇರ್ಲಿ ಬಿಡಿ. ಯಾರಪ್ಪಂದು ಏನು ಖರ್ಚು?” ಅಂದ. ಇಪ್ಪತ್ತು ದಿನದ ಮೇಲೆ ಒಬ್ಬನೇ ಹೋಗಿ ನೋಡಿ ಬಂದ. ಕೆಳಗಿನಿಂದ ಏರಿದ ನೀರು ದಂಬೆಯ ಬಾಯಿಯವರೆಗೆ ಬಂದಿತ್ತಂತೆ. ಅದನ್ನು ಹೇಳಿದ ಮೇಲೆ ಒಂದು ವಾರ ಅವನು ಸರಿಯಾಗಿ ಊಟ ಮಾಡಲಿಲ್ಲ.

*

ದುಗ್ಗಪ್ಪ ಬಂದಿಳಿದಾಗ ಮಧ್ಯಾಹ್ನ ಒಂದು ಗಂಟೆ. ಜೊತೆಯಲ್ಲಿ ನೆಂಟರು ಹತ್ತು ಹನ್ನೆರಡು ಜನ. ಅಣ್ಣನ ಕಾಲು ಹಿಡಿದುಕೊಂಡು ದೊಡ್ಡದಾಗಿ ಅತ್ತ. ಮೂರು ವರ್ಷದಿಂದ ಬರುತ್ತೇನೆ, ಬರುತ್ತೇನೆ ಎಂದು ಹೇಳಿ ಕಳಿಸುತ್ತಿದ್ದವನು ಬಂದಿರಲಿಲ್ಲ. ಅದು ಅವನ ಅಳುವಿನಲ್ಲೇ ಕೇಳುತ್ತಿತ್ತು.

ಬಡಾವಣೆಯ ಹಿರಿಯ ಮಂಜುನಾಥಪ್ಪ ಅವನ ಹೆಗಲು ಮುಟ್ಟಿದರು. ಹಳೆಯ ಊರಿನಲ್ಲೂ ಹಿರಿತನ ಅವರದೇ.

“ಏಳು ದುಗ್ಗಪ್ಪ. ಬಿಸಿಲು ಏರ್ತಾ ಐತೆ. ಇಲ್ಲಿ ನೀರಿಂದು ಭಾರಿ ತಾಪತ್ರಯ ಮಾರಾಯ. ಎರಡು ಕೊಡದಾಗೆ ಮೀಸಿ ಮುಗ್ಸಿದ್ರೂ ನಡೀತದೆ.”

ದುಗ್ಗಪ್ಪ ತಲೆ ಎತ್ತಿದ. “ನಡೀತದಾ? ಹನ್ನೊಂದು ಮನೆಗೆ ಹಗಲೂ ರಾತ್ರಿ ನೀರು ತಂದುಕೊಟ್ಟೋನು ನನ್ನಣ್ಣ. ಅವ್ನ ಮೀಸೂಕೆ ಎರಡು ಕೊಡವಾ? ಊರು ಮುಳುಗಿತು ಅಂತ ನಮ್ಮ ಕ್ರಮಾನೂ ಮುಳುಗ್ತಾ ಮಂಜುನಾಥಪ್ಪ?”

ಈ ಮಾತಿಗೆ ಉತ್ತರ ಕೊಡುವ ಎದೆ ಮುಳುಗಡೆಯವರಲ್ಲಿ ಯಾರಿಗಿತ್ತು? ನಾಲ್ಕು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿ ನುಂಗಿಕೊಂಡಿದ್ದ ಮಾತು ಅದು.

ಮೊದಲು ಎದ್ದವಳು ಶೇಷಮ್ಮ. “ನಮ್ಮನೇದು ಒಂದು ಕೊಡ ತರ್ತೀನಿ,” ಅಂದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಬೇಲಿಯ ಆಚೆ ಗುಮಾಸ್ತ ಗಣೇಶಮೂರ್ತಿ ತನ್ನ ಹೆಂಡತಿ ವರದಾಳಿಗೆ ಮೆಲ್ಲಗೆ, “ಇದ್ದದ್ದೇ ಎರಡು ಕೊಡ, ಎಂತ ಮಾಡದು?” ಎಂದು ಕೇಳಿದ.

“ಎಲ್ಲರೂ ತಗಂಡು ಹೋಗ್ತಾ ಇದ್ದ. ಎಂಗಳ ಮನೆಯೊಂದೇ ಸುಮ್ನೆ ನಿಂತ್ರೆ ಚೊಲೋ ಕಾಣ್ತಿಲ್ಲೆ,” ಅಂದಳು ವರದಾ. ಅವಳು ಆಗಲೇ ಕೊಡ ಎತ್ತಿಕೊಂಡಿದ್ದಳು. ಅದಕ್ಕೆ ಕಾರಣವೂ ಇತ್ತು.

*

ಬಡಾವಣೆಯ ಮೊದಲ ಬೇಸಿಗೆಯಲ್ಲಿ ವರದಾಳ ಕೂಸಿಗೆ ವಾಂತಿ ಭೇದಿ ಹಿಡಿದಿತ್ತು. ಆಗ ನಲ್ಲಿಗೆ ಬೀಗವಿರಲಿಲ್ಲ, ಅಳತೆಯೂ ಇರಲಿಲ್ಲ. ಮೊದಲು ಬಂದವರು ಹಂಡೆ ತುಂಬಿಸಿ, ಅಂಗಳ ತೊಳೆದು, ಎಮ್ಮೆಗೂ ಎರೆದರು. ಹತ್ತು ಗಂಟೆಗೆ ಟಾಂಕಿ ಬರಿದಾಯಿತು. ಕೂಸಿನ ಬಟ್ಟೆ ತೊಳೆಯಲು, ಬಾಯಿಗೆ ಹನಿಸಲು ನೀರು ಬೇಡುತ್ತ ವರದಾ ಮನೆ ಮನೆ ತಿರುಗಿದಳು. ಎಲ್ಲರೂ ಕೊಡ ಬಗ್ಗಿಸಿ ತೋರಿಸಿದರು. ಜಟ್ಟಪ್ಪನೂ ಬಗ್ಗಿಸಿದ; ಅಳುಕುತ್ತ ಹಾಗೇ ಹಿಡಿದುಕೊಂಡು ನಿಂತ. ಸ್ವಲ್ಪ ಹೊತ್ತಿನ ಮೇಲೆ ಕೊಡದ ಹೆಗಲಿನಲ್ಲಿ ಅಡಗಿದ್ದ ನೀರು ಜಾರಿ ಬಂದು ಒಂದು ಗುಟುಕು ಬಿತ್ತು. ಹಾಗೆ ಏಳು ಮನೆಯ ಖಾಲಿ ಕೊಡ ಬಗ್ಗಿಸಿ ಒಂದು ಲೋಟ ಮಾಡಿಕೊಟ್ಟ. ಕೂಸು ಉಳಿಯಿತು.

ಅವತ್ತಿನಿಂದ ಜಟ್ಟಪ್ಪನಿಗೆ ಹುಚ್ಚು ಹಿಡಿಯಿತು. ಹಾಗೆಂದು ಬಡಾವಣೆಯೇ ಹೇಳುತ್ತಿತ್ತು. ಪುರಸಭೆಗೆ ಅಲೆದು ಬೀಗ ತಂದ. ಕೈಯಲ್ಲೊಂದು ತೆಂಗಿನ ಚಿಪ್ಪು ಹಿಡಿದು ಸಂಜೆಗೆ ಮನೆ ಮನೆಗೆ ಹೊರಟ. ಪಾತ್ರೆಯನ್ನು ಮೊದಲು ಬೂದಿಯಲ್ಲಿ ಒಣಗೇ ಉಜ್ಜಿ, ಆಮೇಲೆ ನೀರು ಮುಟ್ಟಿಸಿ. ಅಕ್ಕಿ ತೊಳೆದದ್ದರಲ್ಲಿ ಸೊಪ್ಪು ತೊಳೆಯಿರಿ, ಸೊಪ್ಪು ತೊಳೆದದ್ದು ದನಕ್ಕೆ. ಮಿಂದದ್ದು ಬಸಳೆಯ ಬುಡಕ್ಕೆ. ಮುಖ ತೊಳೆಯಲು ನಾಲ್ಕು ಚಿಪ್ಪು ಸಾಕು, ನೋಡಿ, ಎಂದು ಅವರೆದುರಿಗೇ ತೊಳೆದು ತೋರಿಸುತ್ತಿದ್ದ. ಕೊನೆಗೆ ಖಾಲಿ ಕೊಡವನ್ನು ತಲೆಕೆಳಗಾಗಿ ಹಿಡಿದು ಹತ್ತರವರೆಗೆ ಎಣಿಸುತ್ತಿದ್ದ. ಎಂಟಕ್ಕೋ ಒಂಬತ್ತಕ್ಕೋ ಆ ಒಂದು ಗುಟುಕು ಬೀಳುತ್ತಿತ್ತು. “ಕಂಡ್ರಾ? ಮುಗೀತು ಅಂತ ಕೆಳಗಿಟ್ರೆ ಇದು ಹೋಯ್ತು,” ಅನ್ನುತ್ತಿದ್ದ.

ಜನ ಅವನಿಗೆ ಚಿಪ್ಪಿನ ಮೇಷ್ಟ್ರು ಎಂದು ಹೆಸರಿಟ್ಟರು. ಅವನು ಬರುವುದು ಕಂಡರೆ ಬಾಗಿಲು ಎಳೆದುಕೊಳ್ಳುತ್ತಿದ್ದರು. ಒಂದು ಸಲ ಶೇಷಮ್ಮ ಅವನ ಕಣ್ಣೆದುರೇ ತುಂಬಿದ ಕೊಡವನ್ನು ರಸ್ತೆಗೆ ಸುರಿದು, “ನನ್ನ ಪಾಲಿನ ನೀರು, ನಾ ಕುಡೀತೀನಿ, ಚೆಲ್ತೀನಿ. ನಿಮಗೆಂತಾ?” ಎಂದು ಕೇಳಿದ್ದಳು. ಅವನು ಆ ಒದ್ದೆ ಮಣ್ಣನ್ನು ಎರಡು ಕೈಯಲ್ಲಿ ಬಾಚಿ ತಂದು ತನ್ನ ನಿಂಬೆ ಗಿಡದ ಬುಡಕ್ಕೆ ಹಾಕಿದ್ದ.

ಕನ್ನಮ್ಮನೂ ಕಡಿಮೆಯೇನಲ್ಲ. ಯುಗಾದಿಯ ಎಣ್ಣೆಸ್ನಾನಕ್ಕೆ ಅರ್ಧ ಕೊಡ ಅಳೆದುಕೊಟ್ಟಾಗ, ಜಿಡ್ಡು ಹೋಗದ ಕೂದಲು ಹಿಡಿದುಕೊಂಡು, “ನಿಮ್ಮ ಕೈ ಹಿಡಿದು ಊರೂ ಹೋಯ್ತು, ತಲೆ ತುಂಬ ನೀರೂ ಹೋಯ್ತು,” ಎಂದು ಕೂಗಾಡಿದ್ದಳು. ಅಡುಗೆಮನೆಯ ಮೂಲೆಯಲ್ಲಿ ಒಂದು ತಾಮ್ರದ ಕೊಡ ಯಾವಾಗಲೂ ತುಂಬಿರುತ್ತಿತ್ತು, ಮೇಲೊಂದು ತಟ್ಟೆ. ಅದನ್ನು ಮುಟ್ಟುವಂತಿರಲಿಲ್ಲ. “ಅದು ನಮ್ದಲ್ಲ. ಕೇಳಿಕೊಂಡು ಬರೋರದ್ದು,” ಅನ್ನುತ್ತಿದ್ದ. ಪ್ರತಿ ಸಲ ನೀರು ಬಂದಾಗ ಅದನ್ನು ಬದಲಿಸಿ ತುಂಬಿಸುವುದು ಕನ್ನಮ್ಮನ ಕೆಲಸ. ಗೊಣಗುತ್ತಲೇ ಮಾಡುತ್ತಿದ್ದಳು.

ಎರಡು ಬೇಸಿಗೆ ಕುಳಿತು ಅವನು ಅಂಗಳವನ್ನೇ ಬದಲಿಸಿದ. ಇಳಿಜಾರನ್ನು ಒಳಕ್ಕೆ ತಿರುಗಿಸಿದ. ರಸ್ತೆಯ ಅಂಚಿನಲ್ಲಿ ಮೊಳಕಾಲೆತ್ತರದ ಮಣ್ಣಿನ ಬದು ಕಟ್ಟಿ, ಕೈಯಲ್ಲೇ ತಟ್ಟಿ ತಟ್ಟಿ ನುಣುಪು ಮಾಡಿದ. ಬಂದವರಿಗೆಲ್ಲ ತೋರಿಸುತ್ತಿದ್ದ. “ಈ ಅಂಗಳಕ್ಕೆ ಬಿದ್ದಿದ್ದು ಒಂದು ತೊಟ್ಟೂ ರಸ್ತೆಗೆ ಹೋಗೂದಿಲ್ಲ. ನೀವೂ ಒಂದು ಕಟ್ಕಳಿ. ಬಾವಿಗೇ ಇಳೀತದೆ.” ಮೂವತ್ತೈದು ಮನೆಯವರು ಹೂಂ ಅಂದರು. ಕಟ್ಟಿದವರು ಯಾರೂ ಇಲ್ಲ.

*

ಹೆಣವನ್ನು ಅಂಗಳದ ನಡುವೆ ಹಲಗೆಯ ಮೇಲೆ ಮಲಗಿಸಿದರು. ಕನ್ನಮ್ಮ ಬಾಗಿಲ ಪಟ್ಟಿಗೆ ಒರಗಿ ಕುಳಿತಿದ್ದಳು. ಕೊಡಗಳು ಬರುತ್ತಿದ್ದವು. ಅಭ್ಯಾಸ ಬಲ, ಅವಳು ಎಣಿಸುತ್ತಿದ್ದಳು. ಹತ್ತು. ಹದಿನೈದು. ಬದುಕಿದ್ದಾಗ ನಾಲ್ಕು ಚಿಪ್ಪಿನಲ್ಲಿ ಮುಖ ತೊಳೆದವನ ಮೇಲೆ ಕೊಡ ಕೊಡವಾಗಿ ಸುರಿಯುತ್ತಿತ್ತು. ವರದಾ ಎರೆದದ್ದರಲ್ಲಿ ಅರ್ಧ ನೀರು ಹಲಗೆಯ ಆಚೆ ಬಿತ್ತು. ಜನ ಅಳುತ್ತಿದ್ದರು. ಪ್ರೀತಿಯಿಂದಲೇ ಎರೆಯುತ್ತಿದ್ದರು, ಅದರಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಕನ್ನಮ್ಮನಿಗೆ ಬಾಯಿ ಬರಲಿಲ್ಲ.

ಮೂವತ್ತಾರೂ ಆಯಿತು. ನೀರು ಅಂಗಳದಲ್ಲಿ ಒಂದು ಸುತ್ತು ತಿರುಗಿ, ನಿಂಬೆ ಗಿಡದ ಪಾತಿಗೆ ಇಳಿದು, ಬದುವಿನವರೆಗೂ ಹೋಗಿ, ಅಲ್ಲೇ ನಿಂತು, ನೋಡ ನೋಡುತ್ತ ಇಂಗಿತು. ನಾಲ್ಕು ತಿಂಗಳ ಬಾಯಾರಿಕೆ ಆ ನೆಲಕ್ಕೆ.

ಮಂಜುನಾಥಪ್ಪ ಅಂಚಿಗೆ ಹೋಗಿ ಬಗ್ಗಿ ನೋಡಿದರು. “ದಾಟ್ಲಿಲ್ಲ,” ಅಂದರು. ಅವರ ಮುಖ ಕಪ್ಪಾಗಿತ್ತು. ನೆರೆದವರಲ್ಲಿ ಗುಜುಗುಜು ಎದ್ದಿತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

“ಟಾಂಕೀಲಿ ಐತಲ್ಲ?” ಅಂದ ದುಗ್ಗಪ್ಪ. “ಇನ್ನೊಂದು ಸುತ್ತು ತನ್ನಿ.”

ಧರ್ಮಪ್ಪ ಬೀಗದ ಕೈ ಮುಷ್ಟಿಯಲ್ಲಿ ಹಿಡಿದು ಕನ್ನಮ್ಮನ ಕಡೆ ನೋಡಿದ. ಅವಳು ಬಾಗಿಲ ಪಟ್ಟಿ ಹಿಡಿದು ಎದ್ದಳು.

“ಸಾಕು ದುಗ್ಗಪ್ಪ. ಅವ್ರಿಗೆ ಇದು ಹಿಡಿಸ್ತಿರ್ಲಿಲ್ಲ. ಸಂಜೆಗೆ ಜನ ಮೀಯಬೇಕು.”

“ಅತ್ಗೆ, ಬದುಕಿದ್ದಾಗ ಅಂವ ಸುಖಪಟ್ಟಿದ್ದು ಅಷ್ಟರಲ್ಲೇ ಐತೆ. ಹೋಗುವಾಗಾದ್ರೂ ಮೈ ತುಂಬ ನೀರು ಬೀಳ್ಲಿ. ದಾಟ್ದೆ ಇದ್ರೆ ಅಂವ ಇಲ್ಲೇ ಸುತ್ತಾಕ್ಕಂಡು ಇರ್ತಾನೆ. ಅದು ಬೇಕಾ ನಿಮಗೆ?”

ಬೇಕು ಅನ್ನಿಸಿತು ಕನ್ನಮ್ಮನಿಗೆ. ಸುತ್ತಾಡಿಕೊಂಡು ಇರಲಿ, ಬೆಳಿಗ್ಗೆ ಎದ್ದು ಚೊಂಬು ಹುಡುಕಲಿ, ಗೊಣಗಲಿ. ಆದರೆ ಹೆಣದ ಮುಂದೆ, ಅಷ್ಟು ಜನರೆದುರು, ನನ್ನ ಗಂಡನಿಗೆ ದಾರಿ ಬಿಡಬೇಡಿ ಎಂದು ಯಾವ ಹೆಂಡತಿ ಹೇಳುತ್ತಾಳೆ? ಅವಳು ತಿರುಗಿ ಕುಳಿತಳು. ಧರ್ಮಪ್ಪ ತಲೆ ತಗ್ಗಿಸಿ ಟಾಂಕಿಯ ಕಡೆ ಹೋದ.

ಎರಡನೆಯ ಸುತ್ತಿನಲ್ಲಿ ಯಾರು ಎಷ್ಟು ತಂದರೋ ಲೆಕ್ಕ ಸಿಗಲಿಲ್ಲ. ಅರವತ್ತರವರೆಗೆ ಎಣಿಸಿ ಅವಳು ಬಿಟ್ಟುಬಿಟ್ಟಳು. ಗೋಡೆಯ ಬದಿಯ ಚೊಂಬಿನಲ್ಲಿ ಉಳಿದದ್ದನ್ನೂ ಯಾರೋ ತಂದು ಎರೆದಿದ್ದರು. ಸಂಜೆಗೆ ಇರಲಿ ಎಂದು ಒಬ್ಬೊಬ್ಬರೂ ಮನಸ್ಸಿನಲ್ಲಿ ಅಂದುಕೊಂಡಿರಬೇಕು. ಇನ್ನೊಬ್ಬರು ಉಳಿಸುತ್ತಾರೆ ಎಂದೂ ಅಂದುಕೊಂಡಿರಬೇಕು. ಅಂಗಳ ಈಗ ತುಂಬಿ, ಜಟ್ಟಪ್ಪನ ಹಲಗೆಯ ಸುತ್ತ ಕೆಂಪು ನೀರು ಕಟ್ಟಿ ನಿಂತಿತ್ತು. ಬದು ಒಂದು ಕೂದಲೆಳೆಯಷ್ಟೂ ಬಿರಿಯಲಿಲ್ಲ. ಮಾಡಿದ ಕೆಲಸ ಅಂಥದು.

ದುಗ್ಗಪ್ಪ ಆಗ ಅದನ್ನು ಗಮನಿಸಿದ. “ಇದ್ಯಾರು ಕಟ್ಟಿದ್ದು ಇಲ್ಲಿ, ನೀರಿಗೆ ಅಡ್ಡ?”

“ನಿಮ್ಮಣ್ಣನೇ,” ಅಂದಳು ಕನ್ನಮ್ಮ.

ಅವನು ಬದುವಿನ ನುಣುಪನ್ನು ಒಮ್ಮೆ ಕೈಯಲ್ಲಿ ಸವರಿದ. ಆಮೇಲೆ ಗೋಡೆಗೆ ಒರಗಿಸಿದ್ದ ಗುದ್ದಲಿ ಎತ್ತಿಕೊಂಡ. ಅದೂ ಅಣ್ಣನದೇ. ಮೂರು ಏಟಿಗೆ ಬದು ಬಾಯಿ ಬಿಟ್ಟಿತು. ನೀರು ಒಮ್ಮೆಲೇ ನುಗ್ಗಿ ರಸ್ತೆಗೆ ಬಿದ್ದು, ಧೂಳನ್ನು ಉರುಳಿಸಿಕೊಂಡು ಇಳಿಜಾರಿನಲ್ಲಿ ಓಡಿತು.

“ದಾಟ್ತು!” ಅಂದರು ಮಂಜುನಾಥಪ್ಪ.

ಎಲ್ಲರೂ ಉಸಿರು ಬಿಟ್ಟರು. ಚಟ್ಟ ಎದ್ದಿತು. ಕನ್ನಮ್ಮ ಆಗ ಎದೆ ಬಡಿದುಕೊಂಡು ಅತ್ತಳು, ಆ ದಿನ ಅವಳು ಅಷ್ಟು ಗಟ್ಟಿಯಾಗಿ ಅತ್ತದ್ದು ಅದೇ ಮೊದಲು. ಗಂಡ ಹೋದದ್ದಕ್ಕೆ ಎಂದು ಹೆಂಗಸರು ಹಿಡಿದು ಸಮಾಧಾನ ಮಾಡಿದರು. ಅದಕ್ಕೂ ಹೌದು. ಅವಳ ಕಣ್ಣಿದ್ದದ್ದು ಮಾತ್ರ ರಸ್ತೆಯ ಮೇಲೆ. ಆ ನೀರು ಗಣೇಶಮೂರ್ತಿಯ ಬೇಲಿ ದಾಟಿ, ಕರೆಂಟು ಕಂಬ ದಾಟಿ, ಅಲ್ಲೆಲ್ಲೋ ಕಲ್ಲಿನ ಸಂದಿಯಲ್ಲಿ ಇಲ್ಲವಾಯಿತು.

*

ಸುಟ್ಟು ಮುಗಿಸಿ ಗಂಡಸರು ಗುಡ್ಡ ಹತ್ತಿ ಬರುವಾಗ ಐದೂವರೆ ಆಗಿತ್ತು. ಧರ್ಮಪ್ಪ ನಲ್ಲಿ ತಿರುಗಿಸಿದ. ಅದು ಎರಡು ಸಲ ಕೆಮ್ಮಿತು. ಇನ್ನೊಂದನ್ನು ತಿರುಗಿಸಿದ. ಅದು ಕೆಮ್ಮಲೂ ಇಲ್ಲ.

“ಹೋಯ್ತು,” ಅಂದ.

ಪಂಪು ಓಡುವುದು ನಾಡಿದ್ದು. ಗುಡ್ಡದ ಬುಡದ ಹಳ್ಳ ಶಿವರಾತ್ರಿಗೇ ಬತ್ತಿತ್ತು. ಪೇಟೆಯಲ್ಲಿ ಬಾವಿಗಳಿದ್ದವು, ಆದರೆ ಹೆಣ ಸುಟ್ಟು ಬಂದ ಮೈಯಲ್ಲಿ ಪರರ ಬಾವಿಯ ಹಗ್ಗ ಮುಟ್ಟುವಂತಿಲ್ಲ. ಮನೆಯಲ್ಲಿ ತಳ ಕಂಡ ಒಂದೊಂದು ಕೊಡ, ಅದು ನಾಡಿದ್ದಿನವರೆಗೆ ಮಕ್ಕಳ ಬಾಯಿಗೆ. ಮೀಯದೆ ಒಳಗೆ ಹೋಗುವಂತಿಲ್ಲ, ಒಲೆ ಮುಟ್ಟುವಂತಿಲ್ಲ. ಹೆಂಗಸರೂ ಹಾಗೇ ಹೊರಗೆ ನಿಂತಿದ್ದರು. ಸಣ್ಣ ಮಕ್ಕಳು ಬಾಗಿಲಲ್ಲಿ ನಿಂತು ಅಪ್ಪಾ, ಅಮ್ಮಾ ಎಂದು ಕೂಗುತ್ತಿದ್ದವು. “ಅಲ್ಲೇ ಇರೋ, ಮುಟ್ಬೇಡ,” ಎಂದು ದೂರದಿಂದಲೇ ಗದರುತ್ತಿದ್ದರು. ಟಾಂಕಿಯ ಕಟ್ಟೆಯ ಮೇಲೆ, ರಸ್ತೆಯ ಬದಿಯಲ್ಲಿ, ತಮ್ಮ ತಮ್ಮ ಮನೆಗಳನ್ನು ನೋಡುತ್ತ ಎಂಬತ್ತು ಜನ ಕುಳಿತುಬಿಟ್ಟರು.

ದುಗ್ಗಪ್ಪ ಅತ್ತಿಗೆಯ ಅಂಗಳಕ್ಕೆ ಬಂದು ನಿಂತ. ಮುಖದ ಮೇಲೆ ಬೂದಿ ಇತ್ತು.

“ನಾ ಎಂತ ಮಾಡಿಬಿಟ್ಟೆ ಅತ್ಗೆ? ನೀರಿಗೆ ಇಷ್ಟು ಬಡತನ ಅಂತ ನಂಗೊತ್ತಿರ್ಲಿಲ್ಲ.”

ಸೂತಕ ಹೊಕ್ಕ ಆ ಮನೆಗೆ ಮೈಲಿಗೆಯ ಅಡ್ಡಿ ಇರಲಿಲ್ಲ; ಕನ್ನಮ್ಮ ಒಳಗೆ ಹೋದಳು. ತಟ್ಟೆ ಮುಚ್ಚಿದ್ದ ತಾಮ್ರದ ಕೊಡವನ್ನು ಸೊಂಟದ ಮೇಲೆ ಹೊತ್ತು ತಂದಳು. ಗೂಡಿನಲ್ಲಿದ್ದ ಚಿಪ್ಪನ್ನೂ ತಂದಳು. ನಿಂಬೆ ಗಿಡದ ಪಾತಿಯ ಹತ್ತಿರ ಕೊಡ ಇಳಿಸಿ, “ಬನ್ನಿ,” ಅಂದಳು. “ಇದು ಕೇಳಿಕೊಂಡು ಬರೋರದ್ದು. ತಲೆಗೆ ಒಂದೊಂದು ಚಿಪ್ಪು. ಪಾತೀಲಿ ನಿಂತ್ಕಳಿ.”

ಮೊದಲು ಕೊಳ್ಳಿ ಇಟ್ಟವನು, ಆಮೇಲೆ ಹೆಗಲು ಕೊಟ್ಟವರು. ಬಡಾವಣೆ ಸಾಲಾಗಿ ನಿಂತಿತು. ನಾಲ್ಕು ವರ್ಷ ಆ ಮನುಷ್ಯ ಬೇಡಿಕೊಂಡರೂ ಒಂದು ದಿನ ಸಾಲಾಗಿ ನಿಂತವರಲ್ಲ. ಒಬ್ಬೊಬ್ಬರೂ ಪಾತಿಯಲ್ಲಿ ನಿಂತು ಬಗ್ಗಿದರು, ಅವಳು ನೆತ್ತಿಯ ಮೇಲೆ ಚಿಪ್ಪು ಬಗ್ಗಿಸಿದಳು, ಅವರು ಅದನ್ನೇ ಎರಡು ಕೈಯಲ್ಲಿ ಮುಖಕ್ಕೂ ಕುತ್ತಿಗೆಗೂ ಸವರಿಕೊಂಡರು. ಶೇಷಮ್ಮ ಬಗ್ಗಿದವಳು ಬೇಗ ಏಳಲಿಲ್ಲ. “ಅಕ್ಕಾ, ಅವತ್ತು ನಾ ರಸ್ತೆಗೆ ಚೆಲ್ಲಿದ್ದು...” ಅಂದಳು. “ಮುಂದೆ ಹೋಗೇ, ಹಿಂದಿದ್ದೋರಿಗೆ ಹೊತ್ತಾಗ್ತದೆ,” ಅಂದಳು ಕನ್ನಮ್ಮ.

ದುಗ್ಗಪ್ಪ ಬದು ಒಡೆದಲ್ಲಿ ಹೋಗಿ ಮಂಡಿಯೂರಿ ಕುಳಿತಿದ್ದ. ಕಿತ್ತು ಹೋದ ಕೆಸರನ್ನು ಕೈಯಲ್ಲಿ ಬಾಚಿ ಬಾಚಿ ಆ ಬಾಯಿಗೆ ತುಂಬಿದ, ಅಣ್ಣ ತಟ್ಟಿದ ಹಾಗೆ ತಟ್ಟಲು ನೋಡಿದ. ಸಾಲು ಕರಗುವ ಹೊತ್ತಿಗೆ ಬದು ಒಂದು ತರ ನಿಂತಿತು. ಅವನ ಮೊಣಕೈವರೆಗೆ ಕೆಸರು.

ಕೊಡದ ತಳ ಚಿಪ್ಪಿಗೆ ತಾಗಿ ಸದ್ದಾಯಿತು. ಸಾಲಿನ ಕೊನೆಯವಳಾದ ವರದಾಳಿಗೆ ಮುಕ್ಕಾಲು ಚಿಪ್ಪು ಸಿಕ್ಕಿತು. ಇನ್ನು ಮೀಯಬೇಕಾದವಳು ಕನ್ನಮ್ಮ ಒಬ್ಬಳೇ.

ದುಗ್ಗಪ್ಪ ಎದ್ದು ಬಂದು, ಹಳ್ಳದ ದಂಡೆಯಲ್ಲಿ ಬದುಕಿದವನ ರೂಢಿಯಲ್ಲಿ, ಎರಡು ಕೈ ಮುಂದೆ ಚಾಚಿದ. “ಅತ್ಗೆ, ಕೈ ತೊಳಿಯೂಕೆ ಒಂಚೂರು ನೀ...” ಅಂದವನು ಅಲ್ಲಿಗೇ ನಿಂತ. ಚಾಚಿದ ಕೈಯನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಕನ್ನಮ್ಮ ಖಾಲಿ ಕೊಡವನ್ನು ಎತ್ತಿ ತಲೆಕೆಳಗಾಗಿ ಹಿಡಿದಳು. ತನ್ನ ನೆತ್ತಿಗೋ, ಮೈದುನನ ಕೈಗೋ, ಅವಳಿಗೂ ನಿಶ್ಚಯವಿರಲಿಲ್ಲ.

“ಒಂದು,” ಅಂದಳು. “ಎರಡು.”

ಮನೆಯ ಕಡೆ ಹೊರಟವರು ನಿಂತು ತಿರುಗಿದರು. ಐದಕ್ಕೆ ಬರುವಾಗ ಶೇಷಮ್ಮನ ತುಟಿಯೂ ಅಲುಗುತ್ತಿತ್ತು. ಏಳಕ್ಕೆ ಧರ್ಮಪ್ಪ, ಮಂಜುನಾಥಪ್ಪ, ವರದಾ. ಎಂಟಕ್ಕೆ, ಒಂಬತ್ತಕ್ಕೆ ಅಂಗಳವೆಲ್ಲ ಕೊಡದ ಬಾಯಿಯನ್ನೇ ನೋಡುತ್ತಿತ್ತು.

ಹತ್ತಾಯಿತು, ಏನೂ ಬೀಳಲಿಲ್ಲ. ಎಲ್ಲರ ಧ್ವನಿ ನಿಂತಿತು.

ಕನ್ನಮ್ಮ ಕೊಡ ಇಳಿಸಲಿಲ್ಲ.

“ಹನ್ನೊಂದು,” ಅಂದಳು.